ಮಾಡಿದವರನ್ನೂ ತೋರಿಸು, ಮಗಳೇ

ಹಿರಿಯೂರು

ಪ್ರೀತಿಯ ಮಗಳಿಗೆ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ಆದ ಸಂತೋಷದಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ನಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಯ ಮಕ್ಕಳು ಬೆಂಗಳೂರಿಗೆ ಪ್ರವಾಸ ಬಂದಾಗ ನೀನೂ ನಿನ್ನ ಕಾಲೇಜಿನ ಗೆಳತಿಯರೂ ಎಚ್‌ಎಎಲ್ ವಿಮಾನ ವಸ್ತುಸಂಗ್ರಹಾಲಯದಲ್ಲಿ ಜೊತೆಗಿದ್ದು ಎಲ್ಲವನ್ನೂ ಕನ್ನಡದಲ್ಲಿ ವಿವರಿಸುತ್ತೀರಿ, ಬೇರೆ ಶಾಲೆಗಳಿಗೂ ಹಾಗೆಯೇ ಮಾಡಬೇಕೆಂದಿದ್ದೀರಿ ಎಂದೆಯಲ್ಲ, ಅದಕ್ಕಿಂತ ಒಳ್ಳೆಯ ಸುದ್ದಿ ಈಚೆಗೆ ನನ್ನ ಕಿವಿಗೆ ಬಿದ್ದಿಲ್ಲ. ಸಂಗ್ರಹಾಲಯದವರ ಒಪ್ಪಿಗೆಯನ್ನು ಮೊದಲೇ ಪಡೆದುಕೊ. ಉಳಿದಂತೆ, ಎಚ್‌ಎಎಲ್ ವಿಮಾನ ಕಾರ್ಖಾನೆಯ ಅನ್ನ ಉಂಡವನಾಗಿ ನನಗೆ ತೋಚಿದ್ದನ್ನು ಬರೆಯುತ್ತೇನೆ. ಬೇಕಾದ್ದನ್ನು ಇಟ್ಟುಕೊ.

ಆ ಸಂಗ್ರಹಾಲಯ ಶುರುವಾದದ್ದು 2001ರಲ್ಲಿ. ದೊಡ್ಡವರು ಬಂದರೆ ಮರುತ್ ಯುದ್ಧವಿಮಾನದ ಮುಂದೆ ಒಂದು, ಮಿಗ್-21ರ ಮುಂದೆ ಒಂದು ಫೋಟೊ ತೆಗೆಸಿಕೊಂಡು ಮುಗಿಸುತ್ತಾರೆ. ಮಕ್ಕಳನ್ನು ಬಿಟ್ಟರೆ ಸಿಮ್ಯುಲೇಟರ್ ಹತ್ತಿರ ಓಡುತ್ತಾರೆ. ಫಲಕ ಓದುವವರು ಕಡಿಮೆ. ಓದಿದರೂ ಅದರಲ್ಲಿರುವುದು ವೇಗ, ಉದ್ದ, ತೂಕ. ಆ ವಿಮಾನವನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂಬುದನ್ನು ಬಾಯಿಬಿಟ್ಟು ಹೇಳುವವರು ಬೇಕು. ನಿನ್ನ ಕೆಲಸ ಅದು ಎಂದು ನನ್ನ ಭಾವನೆ.

ಕಿರಣ್ ವಿಮಾನದ ಹತ್ತಿರ ನಿಂತಾಗ ಮಕ್ಕಳಿಗೆ ಮೊದಲು ಅದರ ಮೈಮೇಲಿನ ರಿವೆಟ್‌ಗಳನ್ನು ತೋರಿಸು. ಸಾಲುಸಾಲಾಗಿ ಸಾವಿರಾರು ಇರುತ್ತವೆ. ತಲೆ ಹೊರಗೆ ಉಬ್ಬಿರುವುದಿಲ್ಲ, ತಗಡಿನ ಮಟ್ಟಕ್ಕೆ ಸಮವಾಗಿ ಕೂತಿರುತ್ತದೆ. ಉಬ್ಬಿದ್ದರೆ ಗಾಳಿ ತಡೆಯುತ್ತದೆ, ವೇಗ ತಗ್ಗುತ್ತದೆ. ಒಂದೊಂದು ರಿವೆಟ್‌ಗೂ ಇಬ್ಬರು ಬೇಕು. ಹೊರಗಿನವನು ಗನ್ ಹಿಡಿದು ಹೊಡೆಯುತ್ತಾನೆ, ಒಳಗಿನವನು ಕಬ್ಬಿಣದ ಡಾಲಿಯನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ತಗಡಿನ ಮೇಲೆ ತಟ್ಟಿದ ಸದ್ದೇ ಮಾತು: ಹೊಡಿ, ನಿಲ್ಲಿಸು, ಮುಂದಿನದು. ಮೈ ಸಣ್ಣಗಿದ್ದವನು ಒಳಗೆ ಹೋಗಬೇಕು, ಹಾಗಾಗಿ ನಾನೇ ಹೆಚ್ಚು ಸಲ ಒಳಗಿರುತ್ತಿದ್ದೆ. ಹಳ್ಳಿಯಿಂದ ಐಟಿಐ ಓದಿ ಬಂದ ನಮ್ಮಂಥ ಹುಡುಗರು ಮಾಡಿದ ವಿಮಾನದಲ್ಲಿ ದೇಶದ ಪೈಲಟ್‌ಗಳು ಹಾರಾಟ ಕಲಿತರು. ವಾಯುಪಡೆಯ ಸೂರ್ಯಕಿರಣ್ ತಂಡ ಆಕಾಶದಲ್ಲಿ ಚಿತ್ತಾರ ಬಿಡಿಸಿದ್ದೂ ಮೊದಲು ಅದರಲ್ಲೇ. ಅದರ ಕಾಕ್‌ಪಿಟ್‌ನಲ್ಲಿ ಗುರು ಮತ್ತು ಶಿಷ್ಯ ಅಕ್ಕಪಕ್ಕ ಕೂರುತ್ತಾರೆ. ಇದನ್ನು ಹೇಳಿದರೆ ಮೇಷ್ಟ್ರಿಗೂ ಮಕ್ಕಳಿಗೂ ಖುಷಿಯಾಗುತ್ತದೆ.

ಕಾರ್ಖಾನೆಯ ಹುಟ್ಟನ್ನು ಚಿಕ್ಕದಾಗಿ ಹೇಳಿದರೆ ಸಾಕು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಅದನ್ನು ಕಟ್ಟಿದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಎರಡನೇ ಮಹಾಯುದ್ಧ ಮುಗಿದು ಕೆಲಸವಿಲ್ಲದಾದಾಗ ಅಲ್ಲೇ ಬಸ್ಸಿನ ಬಾಡಿಗಳನ್ನೂ ರೈಲಿನ ಬೋಗಿಗಳನ್ನೂ ಮಾಡಿದರು. ಇದನ್ನು ಬಿಡಬೇಡ. ಬಸ್ಸಿನಲ್ಲಿ ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ಬಂದ ಮಕ್ಕಳಿಗೆ ಆ ಕೈಗಳ ಗುರುತು ಬೇಗ ಹತ್ತುತ್ತದೆ.

ಎಚ್‌ಟಿ-2 ಎಂಬ ತರಬೇತಿ ವಿಮಾನದ ಹತ್ತಿರ ಡಾ. ವಿ.ಎಂ. ಘಾಟಗೆ ಅವರ ಹೆಸರು ಹೇಳು. ಜರ್ಮನಿಯ ಗಾಟಿಂಗೆನ್‌ನಲ್ಲಿ ವಿಜ್ಞಾನಿ ಪ್ರಾಂಟ್ಲ್ ಅವರ ಕೈಕೆಳಗೆ ಓದಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಶುರುವಾದ ವಿಮಾನ ಎಂಜಿನಿಯರಿಂಗ್ ವಿಭಾಗವನ್ನು ಬೆಳೆಸಿದವರು. ಎಚ್‌ಎಎಲ್‌ನಲ್ಲಿ ಅವರ ತಂಡ ರೂಪಿಸಿದ ಎಚ್‌ಟಿ-2 1951ರ ಆಗಸ್ಟ್‌ನಲ್ಲಿ ಹಾರಿತು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕು ವರ್ಷ.

ಹೆಚ್ಚು ಹೊತ್ತು ಮರುತ್ ಹತ್ತಿರ ನಿಲ್ಲಿಸು. 1961ರ ಜೂನ್ 17ರಂದು ಅದನ್ನು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್. ಅದರ ವಿನ್ಯಾಸ ಮಾಡಿದವರು ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್. ಅದರ ಮೈ ನಡುವೆ ಸೊಂಟದಂತೆ ಸಣ್ಣಗಾಗಿರುವುದನ್ನು ಮಕ್ಕಳೇ ಕಂಡುಹಿಡಿಯಲಿ, ನೀನು ತಕ್ಷಣ ಹೇಳಬೇಡ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಡಿಮೆಯಾಗಲೆಂದು ಹಾಗೆ ಮಾಡಿದ್ದು. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗಬೇಕೆಂದು ರೂಪಿಸಿದ ಆ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ತಯಾರಾಗಬೇಕಿದ್ದ ದೊಡ್ಡ ಎಂಜಿನ್ ನಿಂತುಹೋಯಿತು. ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಅದು ಹಾರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ದಾಸ್ ಅವರು 1970ರ ಜನವರಿಯಲ್ಲಿ ಮರುತ್ ಪರೀಕ್ಷಿಸುವಾಗಲೇ ಬೆಂಗಳೂರಿನಲ್ಲಿ ಪ್ರಾಣ ಬಿಟ್ಟರು. ಹಳೆ ಮದ್ರಾಸ್ ರಸ್ತೆಯಿಂದ ಹಳೆ ಏರ್‌ಪೋರ್ಟ್ ರಸ್ತೆಗೆ ಬರುವ ದಾರಿಗೆ ಅವರ ಹೆಸರೇ ಇದೆ. ಬಸ್ಸನ್ನು ಆ ದಾರಿಯಲ್ಲೇ ತರಲು ಡ್ರೈವರ್‌ಗೆ ಹೇಳು. ಬೋರ್ಡಿನಲ್ಲಿ ಕಂಡ ಹೆಸರನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಮತ್ತೆ ಮರುತ್ ಮುಂದೆ ಕೇಳಬೇಕು.

ಎಂಜಿನ್ ಸಿಗದ ಕಥೆಯನ್ನು ಮಕ್ಕಳಿಂದ ಮುಚ್ಚಿಡಬೇಡ. ಇವತ್ತಿನ ತೇಜಸ್ ಯುದ್ಧವಿಮಾನ ಕೂಡ ಅಮೆರಿಕದ ಎಂಜಿನ್ ಮೇಲೆ ಹಾರುತ್ತದೆ. ‘ನಾವೇ ಎಲ್ಲದರಲ್ಲೂ ಮುಂದು’ ಎಂದು ಹೇಳಿ ಚಪ್ಪಾಳೆ ಹೊಡೆಸುವುದು ಸುಲಭ. ಚಪ್ಪಾಳೆ ಹೊಡೆದ ಮಗು ಬಸ್ ಹತ್ತಿ ಮರೆತುಬಿಡುತ್ತದೆ. ದೇಶಕ್ಕೆ ಇನ್ನೂ ಒಂದು ಎಂಜಿನ್ ಬೇಕಾಗಿದೆ ಎಂದು ಕೇಳಿಸಿಕೊಂಡ ಒಂಬತ್ತನೇ ತರಗತಿಯ ಹುಡುಗಿ ರಾತ್ರಿ ಮಲಗುವಾಗಲೂ ಅದನ್ನೇ ಯೋಚಿಸುತ್ತಾಳೆ. ಆ ಹುಡುಗಿಗಾಗಿ ನೀನು ಅಲ್ಲಿ ನಿಂತಿದ್ದೀಯ ಎಂದುಕೊ.

ಪುಷ್ಪಕ ವಿಮಾನದ ಪ್ರಶ್ನೆ ಖಂಡಿತ ಬರುತ್ತದೆ. ಕೇಳಿದ ಮಗುವನ್ನು ನೋಡಿ ಯಾರೂ ನಗದಂತೆ ನೋಡಿಕೊ. ರಾಮಾಯಣದ ಪುಷ್ಪಕ ನಮ್ಮ ಕವಿಗಳ ಅದ್ಭುತ ಕಲ್ಪನೆ, ಅದನ್ನು ಪ್ರೀತಿಯಿಂದಲೇ ಹೇಳು. ಆದರೆ ‘ವೈಮಾನಿಕ ಶಾಸ್ತ್ರ’ ಎಂಬ ಪುಸ್ತಕದಲ್ಲಿ ವಿಮಾನ ಕಟ್ಟುವ ವಿಧಾನವಿದೆ ಎಂದು ಯಾರಾದರೂ ಅಂದರೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೇ 1974ರಲ್ಲಿ ಅದನ್ನು ಶ್ರದ್ಧೆಯಿಂದ ಪರೀಕ್ಷಿಸಿ, ಅದು ಇಪ್ಪತ್ತನೇ ಶತಮಾನದ ಬರಹ, ಅದರಲ್ಲಿನ ಯಂತ್ರಗಳು ಹಾರಲಾರವು ಎಂದು ತೋರಿಸಿದ್ದನ್ನು ತಿಳಿಸು. ಪರೀಕ್ಷೆ ಮಾಡಿ ನೋಡಿದರು ಎನ್ನುವುದು ಮಕ್ಕಳ ಮನಸ್ಸಿಗೆ ಹೋಗಲಿ.

ವಿಮಾನ ಹೇಗೆ ಹಾರುತ್ತದೆ ಎನ್ನುವುದಕ್ಕೆ ಒಂದು ಹಾಳೆಯ ಚೂರು ಸಾಕು. ತುಟಿಯ ಕೆಳಗೆ ಹಿಡಿದು ಮೇಲಿನಿಂದ ಊದಿದರೆ ಜೋತುಬಿದ್ದ ಹಾಳೆ ಏಳುತ್ತದೆ. ಎಲ್ಲ ಮಕ್ಕಳೂ ಮಾಡಲಿ, ಗದ್ದಲವಾದರೆ ಆಗಲಿ. ರೆಕ್ಕೆಯ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಹಿಂತುದಿಯಲ್ಲಿ ಒಟ್ಟಿಗೆ ಸೇರಲೇಬೇಕು, ಅದಕ್ಕೇ ಮೇಲಿನದು ಹೆಚ್ಚು ವೇಗವಾಗಿ ಓಡುತ್ತದೆ ಎಂದು ಕೆಲವು ಪುಸ್ತಕಗಳಲ್ಲಿದೆ. ಅದು ಸರಿಯಲ್ಲ, ಹೇಳಿಕೊಡಬೇಡ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ನ್ಯೂಟನ್ನನ ಮೂರನೇ ನಿಯಮ ಅವರ ಪಠ್ಯದಲ್ಲೇ ಇದೆ.

ನಮ್ಮ ಜಿಲ್ಲೆಯ ಮಾತು ಬರದೆ ಈ ವಿವರಣೆ ಪೂರ್ತಿಯಾಗದು. ಚಳ್ಳಕೆರೆ ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನವನ್ನು 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ಒಳಗೆ ಯಾರೂ ಇಲ್ಲದೆ ತಾನೇ ದಾರಿ ಹಿಡಿದು ಅಲ್ಲಿನ ರನ್‌ವೇಗೆ ಇಳಿಯಿತು. ಅದೇ ವರ್ಷ ಆಗಸ್ಟ್ 20ರಂದು ತಪಸ್ ಎಂಬ ಡ್ರೋನ್ ನಮ್ಮ ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದದ್ದು ನಿನಗೂ ನೆನಪಿದೆ, ಸುತ್ತಲ ಊರಿನವರೆಲ್ಲ ನೋಡಲು ನಿಂತಿದ್ದರು. ನಿನ್ನ ಮುಂದಿರುವ ಮಕ್ಕಳಲ್ಲಿ ಅದನ್ನು ಕಣ್ಣಾರೆ ಕಂಡವರು ಇರಬಹುದು. ಮೊದಲು ಅವರನ್ನೇ ಮಾತಾಡಿಸು. ಪರೀಕ್ಷೆ ಎಂದರೆ ಬೀಳುವುದೂ ಸೇರಿಯೇ, ಬಿದ್ದದ್ದು ಯಾಕೆಂದು ಹುಡುಕುವುದೇ ಎಂಜಿನಿಯರ್‌ನ ದುಡಿಮೆ ಎಂದು ಆಮೇಲೆ ಹೇಳು.

ಇನ್ನೊಂದು ಮಾತು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಈ ಸಂಸ್ಥೆಗಳಿಗೆ ಹೋಯಿತು, ಬೇಲಿ ಬಂತು. ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಮನೆಗಳ ಮಕ್ಕಳು ‘ನಮ್ಮ ಕಾವಲು ಯಾಕೆ ತಗೊಂಡರು ಅಕ್ಕಾ?’ ಎಂದು ಕೇಳಿದರೆ ಮಾತು ತೇಲಿಸಬೇಡ. ಅದು ನ್ಯಾಯವಾದ ಪ್ರಶ್ನೆ. ಅವರ ನಷ್ಟ ನಿಜವಾದದ್ದು ಎಂದು ಒಪ್ಪಿಕೊಂಡು ಮಾತಾಡು.

ಮಕ್ಕಳು ಬೆಳಗಿನ ಜಾವ ಹೊರಟು ಬಂದಿರುತ್ತಾರೆ. ಮೊದಲು ತಿಂಡಿ, ನೀರು, ಶೌಚಾಲಯ, ಆಮೇಲೆ ವಿಮಾನ. ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತ ಹೆಣ್ಣುಮಕ್ಕಳನ್ನು ಹೆಸರು ಕೇಳಿ ಮುಂದೆ ಕರೆದುಕೊ. ಗೊತ್ತಿಲ್ಲದ್ದನ್ನು ಕೇಳಿದರೆ ‘ತಿಳಿದುಕೊಂಡು ಬರೆಯುತ್ತೇನೆ’ ಎಂದು ಹೇಳಿ, ಶಾಲೆಯ ವಿಳಾಸಕ್ಕೆ ಬರೆದೇ ಬರೆ.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಿಮಾನ ಸಂಗ್ರಹಾಲಯದಲ್ಲಿ ರೈಟ್ ಸೋದರರ 1903ರ ವಿಮಾನವಿದೆ. ಅಲ್ಲಿ ಬಂದವರಿಗೆ ವಿವರಿಸುವ ಮಾರ್ಗದರ್ಶಕರು ಸಂಬಳವಿಲ್ಲದೆ, ತರಬೇತಿ ಪಡೆದು ನಿಲ್ಲುವ ಸ್ವಯಂಸೇವಕರು. ನಿವೃತ್ತ ಪೈಲಟ್‌ಗಳೂ ಎಂಜಿನಿಯರ್‌ಗಳೂ ಅವರಲ್ಲಿದ್ದಾರೆ. ಬೆಂಗಳೂರಿನ ನಮ್ಮ ವಿಮಾನಪುರದ ಸುತ್ತಮುತ್ತ ರಿವೆಟ್ ಹೊಡೆದವರು, ಎಂಜಿನ್ ಜೋಡಿಸಿದವರು, ನಕ್ಷೆ ಬರೆದವರು ಈಗ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದಾರೆ. ಕರೆದರೆ ಬರುತ್ತಾರೆ, ಕರೆಯುವವರಿಲ್ಲ. ನೀನೂ ನಿನ್ನ ಗೆಳತಿಯರೂ ಒಂದು ಭಾನುವಾರ ಅವರ ಬಾಗಿಲು ತಟ್ಟಿ. ನನ್ನ ಹಳೆಯ ಜೊತೆಗಾರರ ಫೋನ್ ನಂಬರುಗಳನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಊರಿಗೆ ಬಂದಾಗ ಕೊಡುತ್ತೇನೆ. ನನ್ನನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊ. ಮಕ್ಕಳ ಬಸ್ಸಿನಲ್ಲಿ ಒಂದು ಸೀಟು ಕೇಳು, ಇಲ್ಲಿಂದ ಅವರ ಜೊತೆಯಲ್ಲೇ ಹೊರಟು ಬರುತ್ತೇನೆ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ