ಕಂಪ್ರೆಸರ್ ಕೊಳ್ಳುವ ಮುನ್ನ ಪೈಪಿನ ನೀರು ಅಳೆಯಿರಿ

ವರ್ಷಕ್ಕೊಮ್ಮೆ ಬಳಸುವ ಯಂತ್ರಕ್ಕೆ ದುಡ್ಡು ಹಾಕಬೇಕೆ? ಬಾಂದ್ರಾದ ನಮ್ಮ ಸೊಸೈಟಿಯಲ್ಲಿ ಮೇ ತಿಂಗಳು ಬಂತೆಂದರೆ ಈ ಮಾತು ಏಳುತ್ತಿತ್ತು. ತಾರಸಿಯ ಕುಂಡಗಳಿಗೆ ನಾಲ್ಕು ಮನೆಯವರು ಸೇರಿ ಡ್ರಿಪ್ ಹಾಕಿಸಿದ್ದೇವೆ. ಮುಂಬೈಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಅಲ್ಲಿಂದ ಸುಮಾರು ನಾಲ್ಕು ತಿಂಗಳು ಡ್ರಿಪ್‌ಗೆ ಕೆಲಸವಿಲ್ಲ. ಪೈಪಿನಲ್ಲಿ ನಿಂತ ನೀರು ಲೋಳೆಗಟ್ಟುತ್ತದೆ. ಡ್ರಿಪ್ಪರ್ ಬಾಯಲ್ಲಿ ಟ್ಯಾಂಕರ್ ನೀರಿನ ಉಪ್ಪು ಕೂತು ತೂತು ಮುಚ್ಚುತ್ತದೆ. ಆದ್ದರಿಂದ ಮಳೆಗೆ ಮೊದಲೇ ಪೈಪು ಖಾಲಿ ಮಾಡಬೇಕು. ಕುಂಡದಿಂದ ಕುಂಡಕ್ಕೆ ಏರಿಳಿಯುವ ಪೈಪಿನ ತಗ್ಗುಗಳಲ್ಲಿ ಉಳಿದ ನೀರನ್ನು ಹೊರದೂಡಲು ಗಾಳಿ ಬೇಕು.

ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ಅಕ್ಕನ ಮಗ ದೊಡ್ಡ ಕಂಪ್ರೆಸರನ್ನೇ ಕೊಳ್ಳಿ ಎಂದ. ಅವನ ಊರಿಗೆ ಅದು ಸರಿ. ಅಲ್ಲಿ ನೆಲದಡಿಯ ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ಪೈಪು ದಪ್ಪ, ಹುಲ್ಲುಹಾಸು ವಿಶಾಲ, ಗಾಳಿ ಧಾರಾಳವಾಗಿ ಬೇಕು. ನಮ್ಮ ತಾರಸಿಯ ಲೆಕ್ಕವೇ ಬೇರೆ.

ಆ ಲೆಕ್ಕ ಹೀಗಿದೆ. 16 ಮಿ.ಮೀ. ಡ್ರಿಪ್ ಪೈಪಿನ ಒಳವ್ಯಾಸ ಸುಮಾರು 14 ಮಿ.ಮೀ. ಒಂದು ಮೀಟರಿನಲ್ಲಿ ಹಿಡಿಯುವ ನೀರು 150 ಮಿ.ಲೀ. ಆಸುಪಾಸು. 80 ಮೀಟರ್ ಪೈಪೆಂದರೆ 12 ಲೀಟರ್, ಒಂದು ಬಕೆಟ್ಟೂ ತುಂಬದು. 25 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್ 8 ಬಾರ್ ಒತ್ತಡಕ್ಕೆ ತುಂಬಿ 2 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 150 ಲೀಟರ್ ಗಾಳಿ ಕೊಡುತ್ತದೆ. ವಾಲ್ವ್ ಹಾಕಿ ಪೈಪನ್ನು ಎರಡು ಭಾಗ ಮಾಡಿಕೊಂಡರೆ ಧಾರಾಳ ಸಾಕು.

ಮಸ್ಜಿದ್ ಬಂದರ್ ನಿಲ್ದಾಣದಲ್ಲಿ ಇಳಿದು ನಾಗದೇವಿ ಸ್ಟ್ರೀಟಿನ ಅಂಗಡಿಗಳಲ್ಲಿ ವಿಚಾರಿಸಿದಾಗ ಎಲ್ಲರೂ ಮೊದಲು ಹೇಳಿದ್ದು ಎಚ್‌ಪಿ ಮತ್ತು ಪಿಎಸ್‌ಐ. ನೀವು ಕೇಳಬೇಕಾದದ್ದು ಟ್ಯಾಂಕ್ ಎಷ್ಟು ಲೀಟರ್, ಸಿಎಫ್‌ಎಂ ಎಷ್ಟು ಎಂದು. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್ ಗಾಳಿ. ಕಾರಿನ ಟೈರಿಗೆ ಗಾಳಿ ತುಂಬುವ ಕೈಯಂತ್ರದ ಮೇಲೆ 150 ಪಿಎಸ್‌ಐ ಎಂದು ಬರೆದಿರುತ್ತದೆ. ಅದಕ್ಕೆ ಟ್ಯಾಂಕ್ ಇಲ್ಲ, ಬರುವ ಗಾಳಿಯೂ ಅಲ್ಪ. ನೀರನ್ನು ತಳ್ಳಲು ಅದರಿಂದಾಗದು. ಎಣ್ಣೆರಹಿತ ಯಂತ್ರವೇ ಇರಲಿ, ಎಣ್ಣೆಯ ಹನಿ ಪೈಪಿಗೆ ಹೋಗುವುದಿಲ್ಲ. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲೇಬೇಕು. ಡ್ರಿಪ್ ನಡೆಯುವುದೇ ಸುಮಾರು 1 ಬಾರ್‌ನಲ್ಲಿ; ಊದುವಾಗಲೂ ಅದರ ಆಸುಪಾಸಿನಲ್ಲೇ ಇಡಿ, ಪೈಪಿನ ತುದಿಯ ಮುಚ್ಚಳ ಮೊದಲೇ ತೆಗೆದಿರಿ, ಕಣ್ಣಿಗೆ ಕನ್ನಡಕ ಹಾಕಿ.

ಈಗ ಹಣದ ಮಾತು. ನಾವು ನೋಡಿದ ಯಂತ್ರದ ಬೆಲೆ 9,000 ರೂಪಾಯಿ. ಎಂಟು ವರ್ಷ ಬಾಳಿದರೆ ವರ್ಷಕ್ಕೆ 1,125. ಅದೇ ಹಣ ಶೇ 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 630 ರೂಪಾಯಿ ಬಡ್ಡಿ. ಒಟ್ಟು 1,755. ಪ್ಲಂಬರ್ ತನ್ನ ಯಂತ್ರ ತಂದು ಊದಿಸಿಕೊಟ್ಟರೆ ನಮ್ಮಲ್ಲಿ 1,000 ರೂಪಾಯಿ ತೆಗೆದುಕೊಳ್ಳುತ್ತಾನೆ. ಒಬ್ಬರೇ ಕೊಂಡರೆ ನಷ್ಟವೆಂಬುದು ಕಣ್ಣಿಗೆ ಕಾಣುತ್ತದೆ. ನಾಲ್ಕು ಮನೆ ಹಂಚಿಕೊಂಡರೆ ತಲಾ 439 ರೂಪಾಯಿ; ಪ್ಲಂಬರ್ ಖರ್ಚು ಹಂಚಿಕೊಂಡರೆ ತಲಾ 250. ಹಾಗಾದರೆ ಹಂಚಿಕೊಂಡರೂ ಕೊಳ್ಳುವುದಕ್ಕಿಂತ ಕರೆಸುವುದೇ ಅಗ್ಗ! ನಾಲ್ಕೂ ಮನೆಗೆ ಪೈಪು ಬೇರೆ ಬೇರೆಯಾಗಿ, ಪ್ಲಂಬರ್ ಪ್ರತಿ ಮನೆಗೂ ಸಾವಿರ ಕೇಳಿದಾಗ ಮಾತ್ರ ಸ್ವಂತ ಯಂತ್ರ ಗೆಲ್ಲುತ್ತದೆ. ನಮ್ಮದು ಒಂದೇ ಜಾಲ, ಆದ್ದರಿಂದ ನಾವು ಕೊಳ್ಳಲಿಲ್ಲ.

ಬಾಂದ್ರಾದ ಉಪ್ಪುಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಟ್ಯಾಂಕಿನೊಳಗೆ ತೇವ ಸೇರುತ್ತದೆ. ಬಳಸಿದ ಮೇಲೆ ತಳದ ಡ್ರೇನ್ ವಾಲ್ವ್ ತೆರೆದು ನೀರು ಬಿಡದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ. ವರ್ಷವಿಡೀ ಮೂಲೆಯಲ್ಲಿರುವ ಯಂತ್ರ ಎಂಟು ವರ್ಷ ಬಾಳೀತೆಂಬ ಭರವಸೆ ಇಲ್ಲಿ ಕಡಿಮೆ.

ಗಾಳಿ ಉಪ್ಪನ್ನು ಕರಗಿಸುವುದಿಲ್ಲ ಎಂಬುದನ್ನೂ ಮರೆಯಬೇಡಿ. ಮೊದಲು ಫಿಲ್ಟರ್ ತೊಳೆದು, ಪೈಪಿನ ತುದಿ ತೆರೆದು ರಭಸದ ನೀರು ಹರಿಸಿ, ಆಮೇಲೆ ಊದಿಸಿ. ಕಟ್ಟಿಕೊಂಡ ಡ್ರಿಪ್ಪರ್ ಬದಲಿಸಿ, ಅದಕ್ಕೆ ಕೆಲವೇ ರೂಪಾಯಿ. ಅಳತೆ ಪಟ್ಟಿ ಹಿಡಿದು ನಿಮ್ಮ ಪೈಪಿನ ಉದ್ದ ಬರೆದುಕೊಳ್ಳಿ, ಪ್ಲಂಬರ್ ದರ ಕೇಳಿ, ಭಾಗಿಸಿ. ಆ ಉತ್ತರ ಬಂದ ಮೇಲೆ ಅಂಗಡಿಗೆ ಹೋಗಿ.