ವಿಶ್ವವಿದ್ಯಾನಿಲಯದಲ್ಲಿ ಮೊದಲನೆಯ ವರುಷ

ಪ್ರತಿ ವರುಷವೂ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ನಮ್ಮ ಕೊಠಡಿಯ ಬಾಗಿಲಲ್ಲಿ ನಿಲ್ಲುವುದುಂಟು. ಇವರು ಎರಡು ವರುಷ ಪದವಿಪೂರ್ವ ತರಗತಿಗಳನ್ನು ಓದಿ ಆಗತಾನೆ ಪದವಿ ತರಗತಿಗೆ ಸೇರಿದವರು. "ಕಾಲೇಜು ಹೇಗಿದೆಯಮ್ಮಾ?" ಎಂದರೆ "ಚೆನ್ನಾಗಿದೆ, ಟೀಚರ್" ಎನ್ನುವರು. ಚೆನ್ನಾಗಿದ್ದರೆ ಹಳೆಯ ಶಾಲೆಯ ಬಾಗಿಲಿಗೆ ಬಂದು ನಿಲ್ಲುವುದೇಕೆ? ಕುಳ್ಳಿರಿಸಿ, ಕಾಫಿ ಕೊಟ್ಟು, ನಾವು ಸುಮ್ಮನಿದ್ದರೆ ಹತ್ತು ನಿಮಿಷದೊಳಗೆ ನಿಜವಾದ ಮಾತು ಹೊರಬರುವುದು. ಹಾಗೆ ಹೊರಬಂದ ಮಾತುಗಳಿಂದ ನಾವು ಕಲಿತುದನ್ನೇ ಈಗ ಮೇಲಿನ ತರಗತಿಗಳಲ್ಲಿರುವ ನಮ್ಮ ಬಾಲಿಕೆಯರ ಪ್ರಯೋಜನಕ್ಕಾಗಿ ಇಲ್ಲಿ ಬರೆಯುತ್ತೇವೆ.

ಶಾಲೆಯಲ್ಲಿ ಹುಡುಗಿಯೊಬ್ಬಳು ಎರಡು ದಿನ ಬಾರದಿದ್ದರೆ ನಾವು ಮನೆಗೆ ಹೇಳಿಕಳುಹಿಸುತ್ತೇವೆ. ಲೆಕ್ಕ ತಪ್ಪಿದರೆ ಕರೆದು ತಿದ್ದುತ್ತೇವೆ. ಮುಖ ಬಾಡಿದ್ದರೆ ಊಟವಾಯಿತೆ ಎಂದು ಕೇಳುತ್ತೇವೆ. ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಹೀಗೆ ವಿಚಾರಿಸುವವರಿಲ್ಲ. ನೂರು ಮಂದಿ ಕುಳಿತಿರುವ ಕೊಠಡಿಗೆ ಅಧ್ಯಾಪಕರು ಬಂದು, ಪಾಠ ಹೇಳಿ, ಗಂಟೆಯಾದೊಡನೆ ಹೊರಟುಹೋಗುವರು. ಇದನ್ನು ನಿರ್ದಯೆಯೆಂದು ಎಣಿಸಕೂಡದು. ವಿಚಾರಿಸುವ ಹೊಣೆಯು ಗುರುವಿನಿಂದ ವಿದ್ಯಾರ್ಥಿನಿಗೆ ವರ್ಗವಾಗಿರುತ್ತದೆ, ಅಷ್ಟೆ. ಆದರೆ ಹೀಗೆ ವರ್ಗವಾಯಿತೆಂಬ ಸಮಾಚಾರವನ್ನು ಅವಳಿಗೆ ಯಾರೂ ತಿಳಿಸುವುದಿಲ್ಲ.

ಕೆಲವು ವರುಷಗಳ ಹಿಂದೆ ನಮ್ಮಲ್ಲಿ ಓದಿದ ಒಬ್ಬಳು ಪದವಿಪೂರ್ವ ತರಗತಿಯಲ್ಲಿ ವಾಣಿಜ್ಯ ವಿಷಯಗಳನ್ನು ಕನ್ನಡದಲ್ಲಿ ಓದಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿ, ಪಟ್ಟಣದ ಕಾಲೇಜೊಂದರಲ್ಲಿ ಬಿ.ಕಾಂ. ತರಗತಿಗೆ ಸೇರಿದಳು. ಅಲ್ಲಿ ಪಾಠವೆಲ್ಲವೂ ಇಂಗ್ಲಿಷಿನಲ್ಲಿ. ಮೂರು ದಿನಗಳ ತನಕ 'ಡಿಪ್ರಿಸಿಯೇಷನ್' ಎಂಬ ಮಾತು ಅವಳ ತಲೆಯ ಮೇಲೆ ಹಾದುಹೋಯಿತು. ಅದು ತಾನು ಎರಡು ವರುಷ ಲೆಕ್ಕ ಮಾಡಿದ 'ಸವಕಳಿ'ಯೇ ಎಂದು ಅವಳಿಗೆ ಹೊಳೆಯಲಿಲ್ಲ. ತಾನು ದಡ್ಡಳೆಂದು ನಿಶ್ಚಯಿಸಿಕೊಂಡು ಹಿಂದಿನ ಬೆಂಚಿಗೆ ಸರಿದಳು. ಆಮೇಲೆ ಆ ಗಂಟೆಯನ್ನೇ ತಪ್ಪಿಸತೊಡಗಿದಳು. ಹಾಜರಿ ಸಾಲದೆ ಪರೀಕ್ಷೆಗೆ ಕೂರುವ ಅನುಮತಿಯೂ ಸಿಕ್ಕಲಿಲ್ಲ. ಊರಿಗೆ ಮರಳಿದಳು. ಮನೆಯವರು ವರನನ್ನು ನೋಡತೊಡಗಿದ ಮೇಲೆ ನಮ್ಮಲ್ಲಿಗೆ ಬಂದಳು. "ಒಂದು ಮಾತು ಅಧ್ಯಾಪಕರನ್ನು ಕೇಳಬಾರದಿತ್ತೆ?" ಎಂದೆವು. "ಕೇಳಬಹುದೆಂದು ನನಗೆ ತಿಳಿಯಲಿಲ್ಲ, ಟೀಚರ್" ಎಂದಳು. ಮೂರು ವರುಷ ನಮ್ಮ ಕಣ್ಣೆದುರಿನಲ್ಲಿ ಬೆಳೆದ ಹುಡುಗಿ ಅವಳು. ಅವಳ ನಡತೆಯ ಪತ್ರದಲ್ಲಿ "ಬಹು ಶಾಂತ ಸ್ವಭಾವದವಳು, ಎಂದೂ ಎದುರು ಮಾತಾಡಿದವಳಲ್ಲ" ಎಂದು ಬರೆದವರು ನಾವೇ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಕನ್ನಡ ಮಾಧ್ಯಮದಿಂದ ಹೋಗುವವರಿಗೆ ಕಷ್ಟವಾಗುವುದು ವಿಷಯವಲ್ಲ, ವಿಷಯದ ಹೆಸರುಗಳು. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲವಳು 'ಫೋಟೋಸಿಂಥೆಸಿಸ್' ಎಂದೊಡನೆ ಬೆದರುವಳು. 'ಆಕ್ಸಿಲರೇಷನ್' ಎಂಬುದು ನೀವು ಬಲ್ಲ ವೇಗೋತ್ಕರ್ಷವೇ. ಆದಕಾರಣ ಮೊದಲನೆಯ ದಿನವೇ ಒಂದು ನೋಟುಪುಸ್ತಕದ ಪುಟಗಳನ್ನು ನಡುವೆ ಗೆರೆಯೆಳೆದು ಎರಡು ಭಾಗ ಮಾಡಿರಿ. ಎಡಕ್ಕೆ ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮ ಹಳೆಯ ಪಠ್ಯಪುಸ್ತಕದ ಕನ್ನಡ ಪದ. ಅಕ್ಷರಜೋಡಣೆ ತಿಳಿಯದಿದ್ದರೆ ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿರಿ, ಅವಮಾನವೇನೂ ಇಲ್ಲ. ಮರುದಿನದ ಪಾಠವನ್ನು ಹಿಂದಿನ ರಾತ್ರಿ ಅರ್ಧ ಗಂಟೆ ಓದಿ ತಿಳಿಯದ ಪದಗಳಿಗೆ ಗುರುತು ಹಾಕಿದರೆ, ತರಗತಿಯಲ್ಲಿ ಅವು ಪರಿಚಿತರಂತೆ ಎದುರಾಗುವುವು. ಗಂಟೆ ಮುಗಿದ ಮೇಲೆ ಮೇಜಿನ ಬಳಿಗೆ ಹೋಗಿರಿ. "ಸರ್, ಏನೂ ತಿಳಿಯಲಿಲ್ಲ" ಎಂದರೆ ಯಾವ ಅಧ್ಯಾಪಕರೂ ಉತ್ತರ ಕೊಡಲಾರರು. "ಸರ್, ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಈ ಒಂದು ಪದ ತಿಳಿಯಲಿಲ್ಲ" ಎಂದರೆ ಉತ್ತರ ಕೊಡದವರು ವಿರಳ. ಕೆಲವು ವಿಷಯಗಳ ಪರೀಕ್ಷೆಯಲ್ಲಿ ಕನ್ನಡದಲ್ಲೇ ಉತ್ತರ ಬರೆಯಲು ಅನುಮತಿಯುಂಟು. ನಿಮ್ಮ ವಿಷಯದಲ್ಲಿ ಹೇಗೆಂಬುದನ್ನು ಸೇರುವಾಗಲೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಹಾಜರಿಯ ಲೆಕ್ಕವನ್ನೂ ನೀವೇ ಇಡಬೇಕು. ವಿಷಯವೊಂದಕ್ಕೆ ವಾರಕ್ಕೆ 4 ಗಂಟೆಯಂತೆ 15 ವಾರಗಳ ಸೆಮಿಸ್ಟರಿನಲ್ಲಿ 60 ಪಾಠಗಳೆನ್ನೋಣ. ಸಾಮಾನ್ಯವಾಗಿ ನೂರಕ್ಕೆ 75ರಷ್ಟು ಹಾಜರಿ ಬೇಕಾದುದರಿಂದ 45 ಪಾಠಗಳಿಗೆ ಹೋಗಲೇಬೇಕು. ತಪ್ಪಬಹುದಾದವು 15. ಜ್ವರಕ್ಕೆ 4, ಊರ ಜಾತ್ರೆಗೆ 4, ಅಕ್ಕನ ಮದುವೆಗೆ 4 ಕಳೆದರೆ ಉಳಿಯುವುದು ಮೂರೇ. ತಾಯಿತಂದೆಗಳೂ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಮಗಳನ್ನು "ಎರಡೇ ದಿನಕ್ಕೆ" ಕರೆಸಿಕೊಳ್ಳುವವರು ಅವರೇ ಅಲ್ಲವೆ?

ಮನೆಯ ನೆನಪಿನ ವಿಷಯದಲ್ಲಿ ಹೆಚ್ಚು ಹೇಳಲಾರೆವು. ಅದು ಬಂದೇ ಬರುವುದು. ನಾವೂ ಶಿಕ್ಷಕಿಯರ ತರಬೇತಿಗೆ ಹೋದಾಗ ಮೊದಲ ತಿಂಗಳು ದಿಂಬನ್ನು ಒದ್ದೆ ಮಾಡಿದವರೇ. 2023ನೆಯ ಇಸವಿ ಜೂನ್ ತಿಂಗಳಿಂದ ನಮ್ಮ ರಾಜ್ಯದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲದ ಪ್ರಯಾಣ ದೊರೆತ ಮೇಲೆ, ವಾರವಾರವೂ ಊರಿಗೆ ಓಡುವುದು ಸುಲಭವಾಗಿದೆ. ಆ ಸೌಕರ್ಯ ದೊಡ್ಡದು. ಆದರೂ ಮೊದಲ ತಿಂಗಳಲ್ಲಿ ಎರಡು ಶನಿವಾರವಾದರೂ ಹಾಸ್ಟೆಲಿನಲ್ಲೇ ಉಳಿದವರಿಗೆ ಗೆಳತಿಯರು ಬೇಗ ಸಿಕ್ಕುವುದನ್ನು ಕಂಡಿದ್ದೇವೆ. ಹಿರಿಯ ವಿದ್ಯಾರ್ಥಿಗಳು ಕೀಟಲೆಯ ಹೆಸರಿನಲ್ಲಿ ಪೀಡಿಸಿದರೆ ಮಾತ್ರ ಸಹಿಸಿಕೊಳ್ಳಬೇಡಿರಿ. 2009ರಿಂದ ಯು.ಜಿ.ಸಿ. ನಿಯಮಗಳಲ್ಲಿ ಅದು ದಂಡನಾರ್ಹವಾದುದು. ದೂರು ಹೇಳಲು 1800-180-5522 ಎಂಬ ದೂರವಾಣಿಯುಂಟು. ಕೈಯಲ್ಲಿ ಹಗಲಿರುಳೂ ಇರುವ ಫೋನು ಇಂಥದಕ್ಕೂ ಒಮ್ಮೆ ಉಪಯೋಗವಾಗಲಿ!

ಮೇಲೆ ಹೇಳಿದ ಹುಡುಗಿಯ ತಂದೆಯೊಡನೆ ನಾವು ಎರಡು ಸಲ ಮಾತಾಡಬೇಕಾಯಿತು. ಮುಂದಿನ ವರುಷ ಅವಳು ಮತ್ತೆ ಮೊದಲನೆಯ ಸೆಮಿಸ್ಟರಿಗೇ ಸೇರಿದಳು. ಪದವಿ ಮುಗಿಸಿದ ಮೇಲೆ ತನ್ನ ಎರಡು ಭಾಗದ ನೋಟುಪುಸ್ತಕವನ್ನು ನಮಗೆ ತಂದುಕೊಟ್ಟಿದ್ದಾಳೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಸವಕಳಿಯೇ ಇದೆ. ಅದನ್ನು ಗ್ರಂಥಾಲಯದ ಎರಡನೆಯ ಬೀರುವಿನಲ್ಲಿ ಇಟ್ಟಿದ್ದೇವೆ. ನೋಡಬೇಕೆನ್ನುವವರು ಅಲ್ಲಿರುವ ಟೀಚರನ್ನು ಕೇಳಿ ಪಡೆಯಬಹುದು.