ಚೀನಾಕ್ಕೆ ಓದಲು ಹೊರಟವರ ಗಂಟುಮೂಟೆ

ನೀಟ್ ಫಲಿತಾಂಶ ಬಂದ ವಾರ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಸೀಮೆಯ ಪಾಲಕರ ಮೊಬೈಲಿಗೆ ಪುರುಸೊತ್ತಿರುವುದಿಲ್ಲ. ಕೊಲ್ಹಾಪುರದಿಂದ ಒಬ್ಬ, ಬೆಳಗಾವಿಯಿಂದ ಇನ್ನೊಬ್ಬ, ಬೆಂಗಳೂರಿನಿಂದ ಮತ್ತೊಬ್ಬ ಏಜೆಂಟ್ ಫೋನ್ ಹಚ್ಚುತ್ತಲೇ ಇರುತ್ತಾರೆ. ಇಲ್ಲಿ ಸೀಟಿಗೆ ಕೋಟಿ ಸುರಿಯುವುದೇಕೆ, ಚೀನಾದಲ್ಲಿ ಅದರ ಕಾಲುಭಾಗಕ್ಕೆ ಮಗ ಡಾಕ್ಟರ್ ಆಗುತ್ತಾನೆ ಎಂಬುದು ಎಲ್ಲರದೂ ಒಂದೇ ರಾಗ. ತಂಬಾಕು, ಕಬ್ಬಿನ ಬಿಲ್ಲು ನಂಬಿ ಸಂಸಾರ ನಡೆಸುವ, ನಿಪ್ಪಾಣಿ ಬಳಿಯ ಅಕ್ಕೋಳದ ಮನೆಯೊಂದಕ್ಕೆ ಆಗ ಚೀನಾ ದೇಶವಾಗಿ ಕಾಣುವುದಿಲ್ಲ, ಸೀಟಾಗಿ ಕಾಣುತ್ತದೆ. ಸೀಟೇನೋ ಸುಲಭವಾಗಿ ಸಿಗುತ್ತದೆ. ಓದಿ ತಂದ ಪದವಿ ಊರಿಗೆ ಬಂದ ಮೇಲೆ ನಡೆಯಬೇಕಲ್ಲ, ಕಷ್ಟವಿರುವುದು ಅಲ್ಲಿ. ಆದ್ದರಿಂದ ಹೋಗುವ ಖರ್ಚು ಕೂಡುವ ಮೊದಲು ವಾಪಸು ಬರುವ ಲೆಕ್ಕ ಹಾಕಬೇಕು.

ಕೋವಿಡ್‌ಗೆ ಮೊದಲು ಸುಮಾರು 23,000 ಭಾರತೀಯ ವಿದ್ಯಾರ್ಥಿಗಳು ಚೀನಾದಲ್ಲಿದ್ದರು, ಹೆಚ್ಚಿನವರು ವೈದ್ಯಕೀಯ ಓದುವವರೇ. 2020ರ ಫೆಬ್ರುವರಿ 1 ಮತ್ತು 2ರಂದು ಏರ್ ಇಂಡಿಯಾದ ಎರಡು ವಿಮಾನಗಳು ವುಹಾನ್‌ನಿಂದ 600ಕ್ಕೂ ಹೆಚ್ಚು ಜನರನ್ನು ದೆಹಲಿಗೆ ಕರೆತಂದವು. ಆ ಮೇಲೆ ಮುಚ್ಚಿದ ಬಾಗಿಲು ವಿದ್ಯಾರ್ಥಿಗಳಿಗೆ ಮತ್ತೆ ತೆರೆದದ್ದು 2022ರ ಆಗಸ್ಟ್ ಕೊನೆಯಲ್ಲಿ. ನಡುವಿನ ಎರಡೂವರೆ ವರ್ಷ ಶವಚ್ಛೇದನವನ್ನೂ ರೋಗಿ ತಪಾಸಣೆಯನ್ನೂ ಮೊಬೈಲ್ ಪರದೆಯಲ್ಲೇ ಕಲಿತ ಬ್ಯಾಚುಗಳು ಆಮೇಲೆ ಇಲ್ಲಿ ನೋಂದಣಿಗಾಗಿ ಅಲೆದದ್ದು ಉತ್ತರ ಕರ್ನಾಟಕದ ಅನೇಕ ಮನೆಗಳಿಗೆ ಗೊತ್ತಿರುವ ಕಥೆ.

ವೈದ್ಯಕೀಯವೇ ಓದಬೇಕೆನ್ನುವವರು 2021ರ ನವೆಂಬರ್‌ನಲ್ಲಿ ಜಾರಿಯಾದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳನ್ನು ಏಜೆಂಟನ ಬಾಯಿಂದ ಕೇಳದೆ ತಾವೇ ಓದಬೇಕು. ನೀಟ್ ಅರ್ಹತೆ ಇಲ್ಲದೆ ಹೋಗುವಂತಿಲ್ಲ. ಓದು ಇಂಗ್ಲಿಷ್ ಮಾಧ್ಯಮದಲ್ಲಿ, ಕನಿಷ್ಠ 54 ತಿಂಗಳು ನಡೆದಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ವಿದೇಶಿ ಸಂಸ್ಥೆಯಲ್ಲೇ ಆಗಬೇಕು. ಓದಿದ ದೇಶದಲ್ಲಿ ವೈದ್ಯನಾಗಿ ನೋಂದಾಯಿಸಿಕೊಳ್ಳುವ ಅರ್ಹತೆಯೂ ಬೇಕು. ಊರಿಗೆ ಬಂದ ಮೇಲೆ ಮತ್ತೊಂದು ವರ್ಷದ ಇಂಟರ್ನ್‌ಶಿಪ್ ಕಾದಿರುತ್ತದೆ. ಇದೆಲ್ಲವೂ ಸೇರಿದ ದಿನದಿಂದ 10 ವರ್ಷದೊಳಗೆ ಮುಗಿಯಬೇಕು.

ಜೊತೆಗೆ ವಿದೇಶದಲ್ಲಿ ಓದಿದವರು ಇಲ್ಲಿನ ನೋಂದಣಿಗೆ ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆ. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸಲೀಸು. ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ಬೇರೆಯೇ ಹೇಳುತ್ತದೆ: ಚೀನಾದಲ್ಲಿ ಓದಿ 2015ರಿಂದ 2021ರವರೆಗೆ ಈ ಪರೀಕ್ಷೆಗೆ ಕುಳಿತವರು 40,417, ಪಾಸಾದವರು 6,387. ನೂರಕ್ಕೆ ಹದಿನಾರು ಮಂದಿ. ಈ ಎರಡು ಸಂಖ್ಯೆಗಳನ್ನು ಏಜೆಂಟನ ಬಣ್ಣಬಣ್ಣದ ಕರಪತ್ರದ ಹಿಂಬದಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಮಾತಿಗೆ ಕೂರುವುದು ಲೇಸು.

ಇಂಗ್ಲಿಷಿನಲ್ಲಿ ವೈದ್ಯಕೀಯ ಕಲಿಸಲು ಚೀನಾ ಸರ್ಕಾರ ಅನುಮತಿಸಿದ 45 ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ರಾಯಭಾರ ಕಚೇರಿಯ ಅದೇ ಸೂಚನೆ ಎತ್ತಿ ಹೇಳಿತ್ತು. ಅರ್ಧ ಇಂಗ್ಲಿಷ್, ಅರ್ಧ ಚೀನೀ ಎಂಬ ಕೋರ್ಸುಗಳ ತಂಟೆ ಬೇಡವೆಂದೂ ಎಚ್ಚರಿಸಿತ್ತು. ಕಾಲೇಜಿನ ಹೆಸರು ಪಟ್ಟಿಯಲ್ಲಿದ್ದರೂ ಪ್ರವೇಶಪತ್ರ ನಿಜವೇ ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಬೇಕು. ಅಲ್ಲಿನ ವಿಶ್ವವಿದ್ಯಾಲಯಗಳ ಇಮೇಲ್ ವಿಳಾಸ ಸಾಮಾನ್ಯವಾಗಿ ಇಡಿಯು ಡಾಟ್ ಸಿಎನ್ ಎಂದು ಮುಗಿಯುತ್ತದೆ. ಶುಲ್ಕವೂ ಬ್ಯಾಂಕಿನಿಂದ ನೇರ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು. ಕೊಲ್ಹಾಪುರದ ಯಾವುದೋ ಕಚೇರಿಯಲ್ಲಿ ನಗದು ಕೊಟ್ಟು ಬಿಳಿ ಹಾಳೆಯ ರಸೀದಿ ತಂದರೆ ಅದಕ್ಕೆ ಕಿಮ್ಮತ್ತಿಲ್ಲ.

ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಚೀನೀ ಭಾಷೆ ಓದಬೇಕೆನ್ನುವವರ ದಾರಿ ಇಷ್ಟು ಮುಳ್ಳಿನದಲ್ಲ. ಚೀನಾ ಸರ್ಕಾರದ ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಬೋಧನಾ ಶುಲ್ಕ, ಹಾಸ್ಟೆಲ್ ಎರಡೂ ಮಾಫಿ. ಮೇಲೆ ತಿಂಗಳಿಗೆ ಪದವಿಗೆ 2,500, ಸ್ನಾತಕೋತ್ತರಕ್ಕೆ 3,000, ಪಿಎಚ್‌ಡಿಗೆ 3,500 ಯುವಾನ್ ಕೈಗೆ ಬರುತ್ತದೆ. ಸಣ್ಣ ಊರಿನಲ್ಲಿ ಮಿತವಾಗಿ ಬದುಕಲು ಅಷ್ಟು ಸಾಕು. ಈ ವೇತನದಲ್ಲಿ ಪದವಿ ಓದುವವರು ಸಾಮಾನ್ಯವಾಗಿ ಮೊದಲ ವರ್ಷ ಬರೀ ಚೀನೀ ಭಾಷೆ ಕಲಿತು, ಆಮೇಲೆ ಆ ಭಾಷೆಯಲ್ಲೇ ಪಾಠ ಕೇಳಬೇಕು. ಇಂಗ್ಲಿಷಿನಲ್ಲೂ ಸಿಗುವ ಸ್ನಾತಕೋತ್ತರಕ್ಕೆ ಹೋಗುವುದು ಜಾಣತನವೆಂದು ಅನುಭವಿಗಳು ಹೇಳುವುದು ಅದಕ್ಕೇ.

ಇನ್ನು ಕಾಗದಪತ್ರ. ಅಕ್ಕೋಳ, ನಿಪ್ಪಾಣಿ ಕಡೆಯ ಅಂಕಪಟ್ಟಿಗಳಲ್ಲಿ ಮರಾಠಿ ಪದ್ಧತಿಯಂತೆ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕೊನೆಗೆ ಅಪ್ಪನ ಹೆಸರು ಇರುವುದುಂಟು. ಆಧಾರ್‌ನಲ್ಲಿ ಅದು ತಿರುಗುಮುರುಗಾಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಮೂರನೆಯ ಬಗೆ. ಚೀನಾದಲ್ಲಿ ಸಿಮ್, ಬ್ಯಾಂಕ್ ಖಾತೆ, ರೈಲು ಟಿಕೆಟ್, ಹಾಸ್ಟೆಲ್ ಕೋಣೆ ಎಲ್ಲವೂ ಪಾಸ್‌ಪೋರ್ಟಿನ ಅಕ್ಷರಗಳಿಗೆ ಕಟ್ಟುಬಿದ್ದಿವೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಬ್ಯಾಂಕಿನ ಕೌಂಟರಿನಲ್ಲಿ ಅರ್ಧ ದಿನ ಹೋಗುತ್ತದೆ. ಹಾಗಾಗಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಒಂದೇ ಹೆಸರು ಹೇಳುವಂತೆ ಅರ್ಜಿ ಹಾಕುವುದಕ್ಕೂ ಮೊದಲೇ ಸರಿಪಡಿಸಿಕೊಳ್ಳಬೇಕು.

ವೀಸಾಕ್ಕೆ ಬೆಂಗಳೂರಿಗೆ ಹೋಗುವ ಕೆಲಸವಿಲ್ಲ. ಕರ್ನಾಟಕ ಇರುವುದು ಮುಂಬೈಯ ಚೀನಾ ಕಾನ್ಸುಲೇಟಿನ ವ್ಯಾಪ್ತಿಯಲ್ಲಿ. ಬೆಂಗಳೂರಿನವರಿಗೆ ದೂರವಾದದ್ದು ಗಡಿಯವರಿಗೆ ವರವಾಗಿದೆ, ನಿಪ್ಪಾಣಿಯಲ್ಲಿ ಹೆದ್ದಾರಿ ಬಸ್ಸು ರಾತ್ರಿ ಹತ್ತಿದರೆ ಬೆಳಗಿಗೆ ಮುಂಬೈ. ಆರು ತಿಂಗಳಿಗೂ ಹೆಚ್ಚಿನ ಓದಿಗೆ ಎಕ್ಸ್1 ವೀಸಾ ಬೇಕು. ಅದಕ್ಕೆ ವಿಶ್ವವಿದ್ಯಾಲಯ ಕಳಿಸುವ ಪ್ರವೇಶಪತ್ರ ಮತ್ತು ಜೆಡಬ್ಲ್ಯು ನಮೂನೆ ಸಲ್ಲಿಸಬೇಕು. ಸರ್ಕಾರಿ ವಿದ್ಯಾರ್ಥಿವೇತನದವರಿಗೆ ಆ ನಮೂನೆ 201, ಸ್ವಂತ ಖರ್ಚಿನವರಿಗೆ 202. ಐದು ವರ್ಷ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ 26ರಿಂದ ಕೋಲ್ಕತ್ತ–ಗುವಾಂಗ್‌ಝೌ ಮಾರ್ಗದಲ್ಲಿ, ನವೆಂಬರ್‌ನಿಂದ ದೆಹಲಿಯಿಂದಲೂ ಮತ್ತೆ ಹಾರಾಡತೊಡಗಿದವು.

ಚೀನಾದ ನೆಲಕ್ಕೆ ಕಾಲಿಟ್ಟ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. 24 ಗಂಟೆಯೊಳಗೆ ತಂಗಿದ ಜಾಗದ ನೋಂದಣಿ ಪೊಲೀಸರಲ್ಲಿ ಆಗಬೇಕು. ಹೋಟೆಲಿನಲ್ಲಿದ್ದರೆ ಹೋಟೆಲಿನವರೇ ಮಾಡುತ್ತಾರೆ, ಗೆಳೆಯನ ಬಾಡಿಗೆ ಮನೆಯಲ್ಲಿ ಉಳಿದರೆ ತಾನೇ ಠಾಣೆಗೆ ಹೋಗಬೇಕು. ಎಕ್ಸ್1 ವೀಸಾವನ್ನು 30 ದಿನದೊಳಗೆ ವಾಸದ ಪರವಾನಗಿಯಾಗಿ ಬದಲಿಸಿಕೊಳ್ಳಬೇಕು. ಒಂದು ವರ್ಷದ ಒಳಗಿನ ಪರವಾನಗಿಗೆ 400 ಯುವಾನ್, ಅದಕ್ಕೂ ಹೆಚ್ಚಾದರೆ 800. ವರ್ಷದ ವಿಮೆಗೆ 800. ಆರೋಗ್ಯ ತಪಾಸಣೆ ಇಲ್ಲಿ ಮಾಡಿಸಿದ್ದರೂ ಅಲ್ಲಿ ಮತ್ತೆ ಮಾಡಿಸುವುದು ಮಾಮೂಲು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಯುವಾನ್ ದಂಡ, 10,000ದವರೆಗೆ ಏರುತ್ತದೆ. ಹೋಟೆಲಿನಲ್ಲಿ ತಟ್ಟೆ ಎತ್ತುವ, ಇಂಗ್ಲಿಷ್ ಟ್ಯೂಷನ್ ಹೇಳುವ ಕೆಲಸಕ್ಕೂ ವಿಶ್ವವಿದ್ಯಾಲಯದ ಒಪ್ಪಿಗೆ ಮತ್ತು ಪರವಾನಗಿಯ ಮೇಲೆ ಅದರ ನಮೂದು ಬೇಕು. ಪಾರ್ಟ್‌ಟೈಮ್ ದುಡಿದು ಶುಲ್ಕ ಕಟ್ಟುವ ಕನಸನ್ನು ನಿಪ್ಪಾಣಿ ಬಸ್ ನಿಲ್ದಾಣದಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ಮನೆಯವರೊಂದಿಗೆ ಮಾತಾಡುವ ಪಾಡಂತೂ ವಿಚಿತ್ರ. ವಾಟ್ಸಾಪ್, ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಚೀನಾದಲ್ಲಿ ತೆರೆಯುವುದಿಲ್ಲ. ಚೀನಾದಲ್ಲಿ ಎಲ್ಲದಕ್ಕೂ ಬೇಕಾದ ವೀಚ್ಯಾಟ್ ಭಾರತದಲ್ಲಿಲ್ಲ. 2020ರ ಜೂನ್ 29ರಂದು ಇಲ್ಲಿನ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಅಂದರೆ ಅಕ್ಕೋಳದ ಅವ್ವನ ಮೊಬೈಲಿಗೂ ಚೀನಾದ ಹಾಸ್ಟೆಲಿಗೂ ನಡುವೆ ಎರಡು ಸರ್ಕಾರಗಳ ಎರಡು ಬೀಗ. ಸದ್ಯಕ್ಕೆ ನಡೆಯುವ ಉಪಾಯವೆಂದರೆ ಭಾರತದ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡು ಹೋಗುವುದು. ಆ ಡೇಟಾ ಭಾರತದ ಕಂಪನಿಯ ಜಾಲದ ಮೂಲಕವೇ ಹಾಯುವುದರಿಂದ ವಾಟ್ಸಾಪ್ ಸಾಮಾನ್ಯವಾಗಿ ನಡೆಯುತ್ತದೆ, ದುಬಾರಿ ಅಷ್ಟೇ. ಬ್ಯಾಂಕಿನ ಒಟಿಪಿಗಾದರೂ ಆ ಸಿಮ್ ಜೀವಂತವಿರಬೇಕು, ರಿಚಾರ್ಜ್ ಮಾಡುವ ಹೊಣೆ ತಮ್ಮನಿಗೋ ತಂಗಿಗೋ ಒಪ್ಪಿಸಿ ಹೋಗಬೇಕು. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಆಗುತ್ತದೆ. ಇಡೀ ಚೀನಾಕ್ಕೆ ಒಂದೇ ಸಮಯ, ನಮಗಿಂತ ಎರಡೂವರೆ ತಾಸು ಮುಂದೆ. ಇಲ್ಲಿ ಒಂಬತ್ತಕ್ಕೆ ಊಟ ಮುಗಿಸಿ ಫೋನ್ ಹಚ್ಚಿದರೆ ಅಲ್ಲಿ ಹನ್ನೊಂದೂವರೆ, ಬಹಳಷ್ಟು ಹಾಸ್ಟೆಲುಗಳ ಬಾಗಿಲು ಹಾಕಿದ ಹೊತ್ತು.

ನಗದು ಹಿಡಿದು ಓಡಾಡುವವರು ಅಲ್ಲಿ ಈಗ ಅಪರೂಪ. ತರಕಾರಿ ಗಾಡಿಯವನೂ ಅಲಿಪೇ ಅಥವಾ ವೀಚ್ಯಾಟ್ ಪೇ ಕೋಡ್ ತೋರಿಸುತ್ತಾನೆ. ವೀಸಾ ಅಥವಾ ಮಾಸ್ಟರ್ ಗುರುತಿನ ಅಂತರರಾಷ್ಟ್ರೀಯ ಕಾರ್ಡನ್ನು ಅಲಿಪೇಗೆ ಜೋಡಿಸಿ ಮೊದಲ ವಾರಗಳನ್ನು ದಾಟಿಸಬಹುದು. ಪರವಾನಗಿ ಕೈಸೇರಿದ ಮೇಲೆ ಅಲ್ಲಿನ ಖಾತೆ ತೆರೆದರೆ ಸುಲಭ.

ಚೀಲ ಕಟ್ಟುವಾಗ ಅವ್ವಂದಿರ ಕೈ ತಡೆಯುವುದು ಕಷ್ಟ, ಆದರೂ ತಡೆಯಬೇಕು. ಹಾಲಿನ ಉತ್ಪನ್ನ, ತಾಜಾ ಹಣ್ಣು, ತರಕಾರಿ, ಮಾಂಸ, ಬೀಜಗಳನ್ನು ಪ್ರಯಾಣಿಕರು ಒಯ್ಯುವುದನ್ನು ಚೀನಾದ ಕಸ್ಟಮ್ಸ್ ನಿಷೇಧಿಸಿದೆ. ಬೆಳಗಾವಿಯ ಕುಂದಾ, ಧಾರವಾಡದ ಪೇಡೆ, ಮನೆಯ ತುಪ್ಪ ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರುವ ಅಪಾಯವಿದೆ. ನಿಪ್ಪಾಣಿ ಸೀಮೆಯವರಿಗೆ ಇನ್ನೊಂದು ಮಾತು, ತಂಬಾಕಿನ ಎಲೆ ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಇದೆ. ವಿದ್ಯಾರ್ಥಿ ಒಯ್ಯಲಿಕ್ಕಿಲ್ಲ, ಬಿಟ್ಟುಬರಲು ಜೊತೆಗೆ ಹೋಗುವ ಅಪ್ಪನ ಕಿಸೆಯನ್ನು ಒಮ್ಮೆ ನೋಡಿಕೊಳ್ಳಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಸಾಲೆ ಖಾರ ಧಾರಾಳ ಒಯ್ಯಬಹುದು, ತಿಂಗಳುಗಟ್ಟಲೆ ಕೆಡುವುದೂ ಇಲ್ಲ.

ರೊಟ್ಟಿ ಮುಗಿದ ಮೇಲೆ? ಜೋಳ ಚೀನಾದಲ್ಲೂ ಬೆಳೆಯುತ್ತದೆ, ಗಾವ್‌ಲಿಯಾಂಗ್ ಅನ್ನುತ್ತಾರೆ. ಆದರೆ ಅದರ ಬಹುಪಾಲು ಸಾರಾಯಿಗೆ ಹೋಗುತ್ತದೆ, ಹೆಸರುವಾಸಿ ಮಾವ್‌ತಾಯ್ ಮದ್ಯವೂ ಅದರದೇ. ಗೋಧಿ ಹಿಟ್ಟು ಎಲ್ಲೆಡೆ ಸಿಗುವುದರಿಂದ ಚಪಾತಿಗೆ ಚಿಂತೆಯಿಲ್ಲ. ಬಹಳಷ್ಟು ಹಾಸ್ಟೆಲ್ ಕೋಣೆಗಳಲ್ಲಿ ಹೆಚ್ಚು ಕರೆಂಟು ಎಳೆಯುವ ಒಲೆ ನಿಷಿದ್ಧ, ಕೋಣೆ ಆರಿಸುವಾಗಲೇ ಮಹಡಿಯಲ್ಲಿ ಸಾಮೂಹಿಕ ಅಡುಗೆಮನೆ ಇದೆಯೇ ಎಂದು ಕೇಳಬೇಕು. ಜೈನ, ಲಿಂಗಾಯತ ಮನೆಗಳ ಮಕ್ಕಳಿಗೆ ಕ್ಯಾಂಟೀನಿನ ಸೊಪ್ಪಿನ ಪಲ್ಯವೂ ನಂಬುವಂತಿಲ್ಲ, ಹಂದಿಯ ಕೊಬ್ಬಿನಲ್ಲೋ ಕೋಳಿಯ ಸಾರಿನಲ್ಲೋ ಬೆಂದಿರಬಹುದು. ತೋಫು ಕಂಡು ಹಿಗ್ಗಿದರೆ ಅದರ ಮೇಲೆ ಹಂದಿ ಖೀಮಾ. ಆಲೂಗಡ್ಡೆಯ ಎಳೆ ಹುರಿದದ್ದು, ಅನ್ನ, ಹಬೆಯಲ್ಲಿ ಬೇಯಿಸಿದ ಗೋಧಿ ಉಂಡೆ ಬಹುಮಟ್ಟಿಗೆ ಕಾಪಾಡುತ್ತವೆ. ಬೌದ್ಧ ದೇವಾಲಯಗಳ ಬಳಿಯ ಸಸ್ಯಾಹಾರಿ ಖಾನಾವಳಿಗಳಲ್ಲಿ ಮಾಂಸವಷ್ಟೇ ಅಲ್ಲ, ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ. ಚಾತುರ್ಮಾಸ ಹಿಡಿಯುವ ಜೈನ ಹುಡುಗಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಸಿಗಲಿಕ್ಕಿಲ್ಲ.

ಚಳಿಯ ಲೆಕ್ಕವೂ ತಲೆಕೆಳಗು. ಉತ್ತರದ ಹಾರ್ಬಿನ್‌ನಲ್ಲಿ ಜನವರಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೂ ಕೋಣೆ ಬೆಚ್ಚಗಿರುತ್ತದೆ, ಸರ್ಕಾರಿ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಚಿನ್‌ಲಿಂಗ್ ಬೆಟ್ಟ, ಹ್ವಾಯ್ ನದಿಯ ದಕ್ಷಿಣಕ್ಕೆ ಆ ವ್ಯವಸ್ಥೆ ಮೊದಲಿನಿಂದಲೂ ಇಲ್ಲ. ವುಹಾನ್‌ನ ಒದ್ದೆ ಚಳಿಯಲ್ಲಿ ಕೋಣೆಯೊಳಗೂ ಸ್ವೆಟರ್ ತೊಟ್ಟೇ ಓದಬೇಕು. ದಪ್ಪ ಜಾಕೆಟ್ಟನ್ನು ಅಲ್ಲೇ ಕೊಂಡರೆ ಚೀಲದ ತೂಕ ಉಳಿಯುತ್ತದೆ.

ಭಾಷೆ ಮಾತ್ರ ಇಲ್ಲಿಂದಲೇ ಕಲಿತು ಹೋಗಬೇಕಾದ್ದು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನ ರೋಗಿ ಇಂಗ್ಲಿಷ್ ಆಡುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ ನಾಲ್ಕನೆಯ ಹಂತ, ಅಂದರೆ ಸುಮಾರು 1,200 ಪದಗಳ ಚೀನೀ, ದಾಟಲೇಬೇಕೆಂದು ರಾಯಭಾರ ಕಚೇರಿಯ ಸೂಚನೆ ಹೇಳುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಎಂದು ಬೆಳೆದ ಗಡಿಯ ಮಕ್ಕಳಿಗೆ ಇನ್ನೊಂದು ಭಾಷೆಯ ಭಯ ಇರಬೇಕಾಗಿಲ್ಲ. ಕನ್ನಡ, ಮರಾಠಿ, ತೆಲುಗು ಬೆರೆತ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್ ಅದನ್ನು ಮಾಡಿ ತೋರಿಸಿದವರು. ಕಾಂಗ್ರೆಸ್ 1938ರಲ್ಲಿ ಚೀನಾಕ್ಕೆ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಹೋದ ಅವರು ಯುದ್ಧರಂಗದಲ್ಲಿ ಗಾಯಾಳುಗಳ ನಡುವೆ ಚೀನೀ ಕಲಿತು, ಅದರಲ್ಲೇ ಪಾಠ ಹೇಳಿ, ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. 1942ರ ಡಿಸೆಂಬರ್ 9ರಂದು ತೀರಿಕೊಂಡಾಗ ವಯಸ್ಸು 32. ಹೆಬೈ ಪ್ರಾಂತ್ಯದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯಿದೆ, ಬೀಜಿಂಗ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ತಾಸಿನೊಳಗಿನ ದಾರಿ. ಟಿಕೆಟ್ಟಿಗೂ ನಿಲ್ದಾಣದ ಗೇಟಿಗೂ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ಇಂಥ ತಿರುಗಾಟವನ್ನು ಚೀನೀ ಹೊಸವರ್ಷದ ವಸಂತ ಹಬ್ಬದ ವಾರಗಳಲ್ಲಿ ಇಟ್ಟುಕೊಳ್ಳಬಾರದು. ಜನವರಿ, ಫೆಬ್ರುವರಿಯಲ್ಲಿ ಬರುವ ಆ ಹಬ್ಬಕ್ಕೆ ದೇಶಕ್ಕೆ ದೇಶವೇ ಊರಿಗೆ ಹೊರಡುತ್ತದೆ. ಪ್ರಯಾಣದ 15 ದಿನ ಮೊದಲು ಮಾರಾಟ ಶುರುವಾಗುವ ರೈಲು ಟಿಕೆಟ್‌ಗಳು ನೋಡನೋಡುತ್ತ ಖಾಲಿಯಾಗುತ್ತವೆ, ಕ್ಯಾಂಟೀನುಗಳು ಬಾಗಿಲು ಹಾಕುತ್ತವೆ. ಊರಿಗೆ ಬರುವವರು ಆ ರಜೆಯ ವಿಮಾನ ಟಿಕೆಟನ್ನು ನವೆಂಬರ್‌ನಲ್ಲೇ ಮಾಡಿಸಬೇಕು, ಪರವಾನಗಿಯ ಕೊನೆಯ ದಿನಾಂಕ ರಜೆಯ ನಡುವೆ ಬೀಳುವುದಿಲ್ಲವೇ ಎಂದು ನೋಡಿಕೊಳ್ಳಬೇಕು. ಅಲ್ಲೇ ಉಳಿಯುವವರು ಎರಡು ವಾರದ ಅಕ್ಕಿ, ಬೇಳೆ, ತರಕಾರಿಯನ್ನು ಹಬ್ಬಕ್ಕೆ ಮೊದಲೇ ತಂದಿಟ್ಟುಕೊಳ್ಳುತ್ತಾರೆ.